ಔರಾದಿನ ಹೆಸರಿಲ್ಲದ ದಾರಿ

ಪರ್ಲ ಆ ಆಸ್ಪತ್ರೆಗೆ ಸೇರಿ ಹದಿನೇಳು ವರ್ಷವಾಗಿತ್ತು. ಸೇರುವಾಗ ಅವಳ ಕೆಲಸ ಬೀದರಿನ ಮುಖ್ಯ ಆಸ್ಪತ್ರೆಯ ಹನ್ನೊಂದು ಕಂಪ್ಯೂಟರುಗಳನ್ನು ನೋಡಿಕೊಳ್ಳುವುದಷ್ಟೇ ಆಗಿತ್ತು. ಆಮೇಲೆ ಟ್ರಸ್ಟಿನವರು ಭಾಲ್ಕಿಯಲ್ಲಿ ಒಂದು ಶಾಖೆ ತೆರೆದರು, ಔರಾದಿನಲ್ಲಿ ಇನ್ನೊಂದು. ಕಂಪ್ಯೂಟರುಗಳು ಇನ್ನೂರರ ಹತ್ತಿರ ಬಂದವು. ನೋಡಿಕೊಳ್ಳುವವಳು ಮಾತ್ರ ಅವಳೊಬ್ಬಳೇ ಉಳಿದಳು. ನಲವತ್ತಾರರ ವಯಸ್ಸಿಗೆ ಔರಾದ ಬಸ್ಸಿನ ಕಂಡಕ್ಟರರೆಲ್ಲ ಅವಳಿಗೆ ಪರಿಚಯ. ಟಿಕೆಟ್ ಕೇಳುವ ಮೊದಲೇ ಅವರು ಹರಿದು ಕೊಡುತ್ತಿದ್ದರು, ಅವಳು ನಿದ್ದೆಗಣ್ಣಿನಲ್ಲೇ ಇಸಿದುಕೊಳ್ಳುತ್ತಿದ್ದಳು.

ರೋಗಿಗಳ ಕಡತಗಳನ್ನು ಹೊರಗಿನ ಯಾವ ಕಂಪನಿಯ ಬಳಿಯೂ ಇಡಬಾರದೆಂದು ಟ್ರಸ್ಟಿನವರು ಮೊದಲೇ ತೀರ್ಮಾನಿಸಿದ್ದರು. ಅದಕ್ಕಾಗಿ ಬೀದರಿನ ಆಸ್ಪತ್ರೆಯಲ್ಲಿ, ಹಿಂದೆ ಹಾಸಿಗೆ ಬಟ್ಟೆ ಇಡುತ್ತಿದ್ದ ಕೋಣೆಯಲ್ಲಿ, ಆರು ಸರ್ವರುಗಳನ್ನಿಟ್ಟು ತಮ್ಮದೇ ಒಂದು ಕ್ಲೌಡ್ ಮಾಡಿಕೊಂಡಿದ್ದರು. ಹೊರಗಿನವರು ಒಳಬರಲಾಗದ ಒಂದು ಮುಚ್ಚಿದ ಜಾಲದ ಮೂಲಕ ಮೂರೂ ಊರಿನ ಆಸ್ಪತ್ರೆಗಳು ಆ ಕೋಣೆಗೆ ಸೇರಿದ್ದವು. ಜಾಲದೊಳಗೆ ಒಂದೊಂದು ವಿಭಾಗಕ್ಕೂ ಬೇರೆ ದಾರಿ. ಲ್ಯಾಬಿನದು ಬೇರೆ, ಔಷಧ ಅಂಗಡಿಯದು ಬೇರೆ, ಕ್ಯಾಮೆರಾಗಳದು ಬೇರೆ, ರೋಗಿಗಳ ಜೊತೆ ಬಂದವರ ವೈಫೈ ಇನ್ನೂ ಬೇರೆ. ಯಾವುದಾದರೂ ಶಾಖೆಯಲ್ಲಿ ಹೊಸ ಕೋಣೆ ತೆರೆದರೆ ಪರ್ಲ ಬಸ್ಸು ಹಿಡಿದು ಹೋಗಿ, ಗೋಡೆಗೆ ನೇತುಹಾಕಿದ ಪೆಟ್ಟಿಗೆಯ ಮುಂದೆ ನಿಂತು, ಒಂದೊಂದೇ ದಾರಿಯನ್ನು ಕೈಯಾರೆ ಬರೆದು ಕೂಡಿಸಬೇಕಿತ್ತು. ಒಂದು ಅಂಕಿ ತಪ್ಪಿದರೆ ಲ್ಯಾಬಿನ ವರದಿ ವಾರ್ಡಿಗೆ ತಲುಪುತ್ತಿರಲಿಲ್ಲ. ಮತ್ತೆ ಬಸ್ಸು, ಮತ್ತೆ ಪೆಟ್ಟಿಗೆ.

ಇದರ ಜೊತೆಗೆ ಫೋನು. ಜಾಲದಲ್ಲಿ ಏನು ಕೆಟ್ಟರೂ ಅವಳ ಫೋನಿಗೆ ಮೆಸೇಜು ಬರುವಂತೆ ಅವಳೇ ಮಾಡಿಕೊಂಡಿದ್ದಳು. ಮೊದಲ ವರ್ಷ ದಿನಕ್ಕೆ ನಾಲ್ಕೈದು ಬರುತ್ತಿದ್ದವು. ಈಗ ನಲವತ್ತು. ಔರಾದಿನಲ್ಲಿ ಕರೆಂಟು ಹೋದರೆ ಸಾಲಾಗಿ ಬರುತ್ತಿದ್ದವು. ಓದುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಬ್ಯಾಗಿನಲ್ಲಿ ಫೋನು ನಡುಗಿದಾಗ ತೆಗೆದು, ಬೆರಳಿನಿಂದ ಸರಿಸಿ, ಮತ್ತೆ ಒಳಗೆ ಹಾಕುವಳು.

ಈ ದಣಿವಿನಿಂದಲೇ ಅವಳು ಹೊಸ ವಿದ್ಯೆ ಕಲಿತಳು. ಒಂದು ವರ್ಷ, ದಿನಾ ಮುಂಜಾನೆ ಎರಡು ತಾಸು, ಗಂಡ ಸ್ಯಾಮ್ ಜನವಾಡದ ಶಾಲೆಗೆ ಹೊರಡುವವರೆಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಿತಳು. ಜಾಲ ಹೇಗಿರಬೇಕು ಎಂಬುದನ್ನೆಲ್ಲ ಒಂದೇ ಕಡತದಲ್ಲಿ ಬರೆದಿಡುವುದು. ಒಂದು ಪ್ರೋಗ್ರಾಂ ಆ ಕಡತವನ್ನು ಓದಿ, ಮೂರೂ ಊರಿನ ಪೆಟ್ಟಿಗೆಗಳಿಗೆ ತಾನೇ ಹೋಗಿ, ಬರೆದದ್ದು ಇಲ್ಲದಿದ್ದರೆ ಕೂಡಿಸುತ್ತದೆ, ಬರೆಯದೆ ಇದ್ದದ್ದನ್ನು ತೆಗೆಯುತ್ತದೆ. ಹೊಸ ಕೋಣೆ ಬಂದರೆ ಕಡತಕ್ಕೆ ನಾಲ್ಕು ಸಾಲು ಸೇರಿಸಿದರೆ ಆಯಿತು, ಬಸ್ಸು ಹತ್ತಬೇಕಿಲ್ಲ. ಟ್ರಸ್ಟಿನ ಆಡಳಿತ ನೋಡುವ ಮಚ್ಛೇಂದ್ರ ಅವರಿಗೆ ಇದನ್ನು ವಿವರಿಸಿದಾಗ ಅವರು ಅರ್ಧ ಕೇಳಿ, "ಮಾಡ್ರಿ, ಮಾಡ್ರಿ. ರೋಗಿಗಳಿಗಿ ತಕಲೀಫ ಆಗಬಾರದಷ್ಟೇ" ಅಂದಿದ್ದರು.

ಕಡತ ಬರೆಯಲು ಮೊದಲು ಈಗ ಏನೇನಿದೆ ಎಂಬುದು ತಿಳಿಯಬೇಕು. ಪರ್ಲ ಮೂರೂ ಊರಿನ ಪೆಟ್ಟಿಗೆಗಳಿಂದ ಎಲ್ಲ ದಾರಿಗಳ ಪಟ್ಟಿ ತೆಗೆದಳು. ನೂರ ಹನ್ನೆರಡು ದಾರಿಗಳು ಬಂದವು. ಹೆಚ್ಚಿನವಕ್ಕೆ ಹೆಸರಿತ್ತು, ಹೆಸರಿಲ್ಲದವನ್ನು ಅವಳು ಅಂಕಿ ನೋಡಿ, ನೆನಪಿನ ಮೇಲೆ ಒಂದೊಂದಾಗಿ ಗುರುತಿಸಿ ಹೆಸರು ಬರೆದಳು. ಕೊನೆಗೆ ಔರಾದಿನ ಒಂದು ದಾರಿ ಉಳಿಯಿತು. ಬರೀ ಅಂಕಿಗಳು, ಏನಕ್ಕೆಂದು ಎಲ್ಲೂ ಬರೆದಿರಲಿಲ್ಲ. ಹಿಂದೆ ಔರಾದಿನ ಹಿತ್ತಲ ಬಾಗಿಲಿಗೆ ಒಂದು ಕ್ಯಾಮೆರಾ ಇತ್ತು, ಅದನ್ನು ಕಿತ್ತು ವರ್ಷಗಳಾಗಿದ್ದವು. ಅದರದೇ ಇರಬೇಕು ಅನ್ನಿಸಿತು. ಆದರೂ ಕೇಳೋಣವೆಂದು ಅಲ್ಲಿನ ಔಷಧ ವಿಭಾಗದ ದತ್ತಾತ್ರಿಗೆ ಫೋನು ಮಾಡಿದಳು. ಎರಡು ಸಲ ರಿಂಗಾಗಿ ನಿಂತಿತು. ಬುಧವಾರ ಸಂತೆಯ ದಿನ, ಕೌಂಟರಿನ ಮುಂದೆ ಜನ ತುಂಬಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಮೂರನೆಯ ಸಲ ಮಾಡಲಿಲ್ಲ. ಕಣ್ಣು ಉರಿಯುತ್ತಿದ್ದವು. ಆ ಒಂದನ್ನು ಬಿಟ್ಟು ನೂರ ಹನ್ನೊಂದನ್ನು ಬರೆದು ಲ್ಯಾಪ್‌ಟಾಪ್ ಮುಚ್ಚಿದಳು.

ಮರುದಿನ ಗುರುವಾರ, ಮೇ ತಿಂಗಳ ಎರಡನೆಯ ವಾರ, ಬೆಳಿಗ್ಗೆ ಹತ್ತೂವರೆಗೆ ಪ್ರೋಗ್ರಾಂ ನಡೆಸಿದಳು. ಹದಿನಾಲ್ಕು ನಿಮಿಷ ಹಿಡಿಯಿತು. ತೆರೆಯ ಮೇಲೆ ಸಾಲುಗಳು ಓಡಿದವು: ಬೀದರ ಸರಿ, ಭಾಲ್ಕಿ ಸರಿ, ಔರಾದ ಸರಿ. ಮೂರೂ ಕಡೆ ಫೋನು ಮಾಡಿ ಕೇಳಿದಳು. ನೋಂದಣಿ ನಡೆಯುತ್ತಿದೆ, ಲ್ಯಾಬಿನ ವರದಿ ಬರುತ್ತಿದೆ, ಏನೂ ನಿಂತಿಲ್ಲ ಅಂದರು. ಅವಳು ಸರ್ವರ್ ಕೋಣೆಯ ಕುರ್ಚಿಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು.

ಆಮೇಲೆ ಫೋನು ಶಾಂತವಾಯಿತು. ಶುಕ್ರವಾರ ಆರು ಮೆಸೇಜು ಬಂದವು, ಶನಿವಾರ ನಾಲ್ಕು. ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿಯುವವರೆಗೆ ಅವಳ ಬ್ಯಾಗು ಒಮ್ಮೆಯೂ ನಡುಗಲಿಲ್ಲ. ಹೊರಗೆ ಬಂದಾಗ ಸ್ಯಾಮ್ ಕೇಳಿದ.

"ಏನ ಪರ್ಲ, ಫೋನ್ ಬಂದ್ ಬಿದ್ದದೇನ? ಮುಂಜಾನಿಂದ ಒಂದರೆ ಸಪ್ಪಳಿಲ್ಲ."

"ಬಂದ್ ಬಿದ್ದಿಲ್ರಿ. ಎಲ್ಲಾ ಬರೋಬ್ಬರ್ ನಡದದ, ಅದಕ್ಕ ಸುಮ್ಮದ."

ಆ ಮಧ್ಯಾಹ್ನ ಅವಳು ಉಂಡು ಮಲಗಿದವಳು ಸಂಜೆ ಐದಕ್ಕೆ ಎದ್ದಳು. ಇಷ್ಟು ಹೊತ್ತು ಹಗಲು ಮಲಗಿದ್ದು ಯಾವಾಗ ಎಂದು ಅವಳಿಗೆ ನೆನಪಾಗಲಿಲ್ಲ.

ಸೋಮವಾರ ಅವಳು ಭಾಲ್ಕಿಗೆ ಹೋದಳು. ಅಲ್ಲಿ ಡಯಾಲಿಸಿಸ್ ಕೋಣೆ ಹೊಸದಾಗಿ ತೆರೆಯುತ್ತಿದ್ದರು. ಹೋಗಲೇಬೇಕಿರಲಿಲ್ಲ, ಮೊದಲ ಸಲವಾದ್ದರಿಂದ ಕಣ್ಣಾರೆ ನೋಡಬೇಕೆನಿಸಿತ್ತು. ಕಡತಕ್ಕೆ ನಾಲ್ಕು ಸಾಲು ಸೇರಿಸಿ ನಡೆಸಿದಳು. ಆರು ನಿಮಿಷದಲ್ಲಿ ಕೋಣೆಯ ಎಲ್ಲ ಯಂತ್ರಗಳೂ ಬೀದರಿನ ಸರ್ವರಿನೊಡನೆ ಮಾತಾಡತೊಡಗಿದವು. ಹಿಂದೆ ಇದಕ್ಕೆ ಎರಡು ದಿನ ಬೇಕಿತ್ತು. ಅಲ್ಲಿನ ನೋಂದಣಿ ವಿಭಾಗದ ಮೇಘಾ ಚಹಾ ತಂದುಕೊಟ್ಟು, "ಇಷ್ಟ ಜಲ್ದಿ ಆಯ್ತೇನ್ರಿ ಮೇಡಂ?" ಎಂದು ಬೆರಗಾದಳು. ಪರ್ಲ ಚಹಾದ ಎರಡನೆಯ ಗುಟುಕು ಕುಡಿಯುತ್ತಿರುವಾಗ ಔರಾದಿನಿಂದ ನರ್ಸ್ ಹೆಲೆನ ಫೋನು ಮಾಡಿದಳು.

"ಅಕ್ಕಾ, ಎಲ್ಲಿದ್ದೀರಿ?"

"ಭಾಲ್ಕ್ಯಾಗ ಇದ್ದೀನಿ. ಯಾಕ ಹೆಲೆನ?"

"ನಾ ನಾಕ್ ದಿನ ರಜಾ ಮ್ಯಾಲಿದ್ದೆ, ಇವತ್ತೇ ಬಂದೀನ್ರಿ. ಲಸಿಕಿ ಇಡೋ ಫ್ರಿಜ್ ತಗದು ನೋಡಿದ್ರ ಒಳಗ ಬಿಸಿ ಅದ. ಐಸ್ ಪ್ಯಾಕ್ ಎಲ್ಲಾ ನೀರಾಗ್ಯಾವ. ಮೀಟರ್ ಇಪ್ಪತ್ತೊಂಬತ್ತ ತೋರಸ್ಲಿಕತ್ತದ್ರಿ. ದೀಪ ಉರೀತದ, ಫ್ಯಾನ್ ತಿರಗ್ತದ, ಥಂಡಿ ಮಾತ್ರ ಇಲ್ಲ."

"ದತ್ತಾತ್ರಿಗಿ ಮೆಸೇಜ್ ಬರಲಿಲ್ಲೇನ?"

"ಬಂದಿಲ್ಲಂತ. ನಿಮಗ ಬಂದದೇನ್ರಿ?"

ಪರ್ಲ ಚಹಾದ ಲೋಟ ಕೆಳಗಿಟ್ಟಳು. ಬಂದಿಲ್ಲ ಅಂತ ಹೇಳುವಷ್ಟರಲ್ಲಿ ಅವಳಿಗೆ ನೆನಪಾಯಿತು.

ಏಳು ವರ್ಷದ ಹಿಂದಿನ ಒಂದು ಸಂಜೆ. ಔರಾದಿನ ಫ್ರಿಜ್ಜಿನೊಳಗೆ ಉಷ್ಣತೆ ಅಳೆಯುವ ಒಂದು ಸಣ್ಣ ಪೆಟ್ಟಿಗೆಯನ್ನು ಕೂಡಿಸಿಕೊಡಲು ದತ್ತಾತ್ರಿ ಕೇಳಿದ್ದ. ಬೀದರಿನ ಕೊನೆಯ ಬಸ್ಸಿಗೆ ಹದಿನೈದು ನಿಮಿಷವಿತ್ತು. ನಿಂತಲ್ಲೇ ಒಂದು ದಾರಿ ಬರೆದು ಕೂಡಿಸಿದ್ದಳು. ಹೆಸರು ಆಮೇಲೆ ಬರೆದರಾಯಿತು ಅಂದುಕೊಂಡು ಓಡಿದ್ದಳು. ಒಳಗಿನ ಉಷ್ಣತೆ ಎಂಟು ಡಿಗ್ರಿ ದಾಟಿದರೆ ಆ ಪೆಟ್ಟಿಗೆ ಬೀದರಿಗೆ ತಿಳಿಸಬೇಕು, ಬೀದರಿನಿಂದ ಅವಳಿಗೂ ದತ್ತಾತ್ರಿಗೂ ಮೆಸೇಜು ಹೋಗಬೇಕು. ಪೆಟ್ಟಿಗೆ ಏನೂ ಹೇಳದಿದ್ದರೆ ಎಲ್ಲ ಸರಿಯಿದೆ ಎಂದು ಲೆಕ್ಕ. ಇಷ್ಟು ದಿನ ಔರಾದಿನಲ್ಲಿ ಕರೆಂಟು ಹೋದಾಗೆಲ್ಲ ಸಾಲಾಗಿ ಬರುತ್ತಿದ್ದ ಮೆಸೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರವೇ ಆಗಿದ್ದವು.

"ಹೆಲೆನ, ಗುರುವಾರದಿಂದ ಆ ಫ್ರಿಜ್ಜಿನ ಲಸಿಕಿ ಯಾರ್ಯಾರಿಗಿ ಕೊಟ್ಟಾರ ಅಂತ ಪಟ್ಟಿ ತಗಿ. ನಾ ಬರ್ತೇನಿ" ಅಂದಳು.

ಭಾಲ್ಕಿಯಿಂದ ಔರಾದಿಗೆ ಹೋಗುವ ಬಸ್ಸಿನಲ್ಲಿ ಅವಳು ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಗುರುವಾರದ ದಾಖಲೆ ನೋಡಿದಳು. ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟಿತ್ತು. ನೂರಾರು ಸಾಲುಗಳ ನಡುವೆ ಒಂದು ಸಾಲು: ಹತ್ತು ಗಂಟೆ ನಲವತ್ತೊಂದು ನಿಮಿಷ, ಔರಾದ, ಒಂದು ದಾರಿ ತೆಗೆಯಲಾಗಿದೆ. ಅಂಕಿಗಳು ಅವೇ. ಗುರುವಾರ ಈ ಸಾಲು ಅವಳ ಕಣ್ಣ ಮುಂದೆಯೇ ಓಡಿ ಹೋಗಿತ್ತು. ಹೊರಗೆ ಹೊಲಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಅವಳು ಲ್ಯಾಪ್‌ಟಾಪ್ ಮುಚ್ಚಿ ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿದಳು. ಅಳು ಬರಲಿಲ್ಲ. ಬರುವಷ್ಟು ಶಕ್ತಿ ಇದ್ದಂತಿರಲಿಲ್ಲ.

ಔರಾದಿನ ಆಸ್ಪತ್ರೆಯಲ್ಲಿ ದತ್ತಾತ್ರಿ ಔಷಧ ಕೋಣೆಯ ಸ್ಟೂಲಿನ ಮೇಲೆ ಕುಳಿತಿದ್ದ. ಐವತ್ತರ ಮೇಲಿನವನು. ಅಂಗಿಯ ಕಾಲರು ಬೆವರಿಗೆ ತೊಯ್ದಿತ್ತು. ಅವನ ಮುಂದೆ ಫ್ರಿಜ್ಜಿನ ರಿಜಿಸ್ಟರ್ ತೆರೆದಿತ್ತು. ದಿನಕ್ಕೆ ಎರಡು ಸಲ ಮೀಟರ್ ನೋಡಿ ಬರೆಯಬೇಕಾದ ಪುಸ್ತಕ. ಗುರುವಾರ ಸಂಜೆ ಐದು ಡಿಗ್ರಿ, ಶುಕ್ರವಾರ ಬೆಳಿಗ್ಗೆ ಐದು ಡಿಗ್ರಿ, ಸಂಜೆಯೂ ಐದು, ಶನಿವಾರ ಐದು, ಐದು, ಭಾನುವಾರ ಐದು. ಎಲ್ಲ ಒಂದೇ ಪೆನ್ನಿನಲ್ಲಿ.

"ಖರೆ ಹೇಳ್ತೇನಿ ಮೇಡಂ. ನಾ ಮೀಟರ್ ನೋಡಿಲ್ಲ" ಅಂದ. "ಬಾಟ್ಲಿ ತಗದು ಕೊಡೋದು, ಬಾಗಲಾ ಹಾಕೋದು. ಏಳು ವರ್ಷ ಆಯ್ತು, ಏನರೆ ಕೆಟ್ಟರ ಫೋನ್ ಬಡಕೊಳ್ತಿತ್ತು. ಫೋನ್ ಸುಮ್ಮಿದ್ರ ಐದ್ ಅಂತ ಬರದುಬಿಡೋದು ಆದತ್ ಆಗಿಬಿಟ್ಟದ್ರಿ."

"ಕೈಗಿ ಗೊತ್ತಾಗಲಿಲ್ಲೇನ್ರಿ?"

"ಹೊರಗ ನಲವತ್ತೆರಡ ಅದ. ಒಳಗ ಕೈ ಹಾಕಿದ್ರ ಥಂಡೀನೇ ಅನಸ್ತದ."

ಪರ್ಲ ಅವನ ಪಕ್ಕದಲ್ಲೇ ಒಂದು ಔಷಧದ ರಟ್ಟಿನ ಡಬ್ಬಿಯ ಮೇಲೆ ಕುಳಿತಳು. ಹೆಲೆನ ಪಟ್ಟಿ ತಂದಳು. ಗುರುವಾರದಿಂದ ಆ ಫ್ರಿಜ್ಜಿನ ಲಸಿಕೆ ಪಡೆದವರು ಏಳು ಮಂದಿ. ಏಳೂ ಮಂದಿ ನಾಯಿ ಕಚ್ಚಿಸಿಕೊಂಡವರು. ಫ್ರಿಜ್ಜು ಯಾವ ಹೊತ್ತಿಗೆ ಕೆಟ್ಟಿತೆಂದು ಯಾರಿಗೂ ತಿಳಿಯದು, ಹಾಗಾಗಿ ಯಾರನ್ನೂ ಬಿಡುವಂತಿರಲಿಲ್ಲ. ಡಾಕ್ಟರು ಬಂದು ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ, "ಕೆಟ್ಟದನೋ ಇಲ್ಲೋ ಕಣ್ಣಿಗಿ ಕಾಣಂಗಿಲ್ಲ. ಆದರ ನಂಬಲಿಕ್ಕ ಬರಂಗಿಲ್ಲ. ಏಳೂ ಮಂದಿನ್ನ ಇವತ್ತೇ ಕರಸ್ರಿ, ಮೊದಲಿಂದ ಕೊಡೋಣ" ಅಂದರು. ಬೀದರಿನಿಂದ ಹೊಸ ಲಸಿಕೆಯನ್ನು ಐಸ್ ಡಬ್ಬಿಯಲ್ಲಿಟ್ಟು ಜೀಪಿನಲ್ಲಿ ಕಳಿಸುವಂತೆ ಅವರೇ ಫೋನು ಮಾಡಿದರು.

ಜೀಪು ಹೊರಟಿತೆಂಬ ಸುದ್ದಿಯ ಹಿಂದೆಯೇ ಮಚ್ಛೇಂದ್ರ ಅವರ ಫೋನು ಬಂತು. ಪರ್ಲ ವರಾಂಡಕ್ಕೆ ಹೋಗಿ ಎತ್ತಿದಳು.

"ಪರ್ಲ ಅವರ, ನೀವು ಅಲ್ಲೇ ಇದ್ದೀರಂತ. ಚೊಲೊ ಆಯ್ತು. ಆ ದತ್ತಾತ್ರಿ ರಿಜಿಸ್ಟರದಾಗ ಸುಳ್ಳ ಬರದಾನಂತಲ್ಲ. ಅದರ ಫೋಟೊ ಹೊಡದು ಕಳಸ್ರಿ. ಇವತ್ತೇ ಅವನ್ನ ಮನಿಗಿ ಕಳಸ್ತೇನಿ."

"ಸಾಹೇಬ್ರ, ಫ್ರಿಜ್ಜಿನ ಪೆಟ್ಟಿಗಿ ದಾರಿ ಕಡದದ್ದು ನಾನ್ರಿ."

"ಅಂದ್ರ?"

"ಗುರುವಾರ ನಾ ಹೊಸಾ ಪ್ರೋಗ್ರಾಂ ನಡಸಿದೆನಲ್ರಿ. ಅದು ಆ ದಾರಿ ತಗದದ. ನನ್ನ ಕಡತದಾಗ ಅದನ್ನ ಬರದಿರಲಿಲ್ಲ. ಪಟ್ಟಿಯೊಳಗ ನೋಡಿದ್ದೆ, ಕೇಳಬೇಕು ಅಂತನೂ ಮಾಡಿದ್ದೆ. ಕೇಳದೇ ಬಿಟ್ಟೆ. ಅದಿದ್ದಿದ್ರ ಫ್ರಿಜ್ ಕೆಟ್ಟ ಕೂಡ್ಲೇ ಇಬ್ಬರಿಗೂ ಮೆಸೇಜ್ ಬರ್ತಿತ್ತು."

ಆ ಕಡೆ ಬಾಗಿಲು ಹಾಕಿದ ಸಪ್ಪಳ ಕೇಳಿಸಿತು.

"ಇದು ಬ್ಯಾರೆ ಯಾರಿಗರೆ ಗೊತ್ತದೇನ?"

"ಇಲ್ರಿ. ನಾ ಹೇಳದಿದ್ರ ಗೊತ್ತೂ ಆಗಂಗಿಲ್ಲ."

"ಮತ್ಯಾಕ ಹೇಳ್ತೀರಿ?"

ಅವಳು ಏನಾದರೂ ದೊಡ್ಡ ಮಾತು ಹೇಳಬಹುದಿತ್ತು. ಏನೂ ಹೊಳೆಯಲಿಲ್ಲ. "ಮುಚ್ಚಿಟ್ಟುಕೊಂಡು ತಿರಗ್ಲಿಕ್ಕ ನನ್ನ ಕಡಿ ಜೀವ ಉಳದಿಲ್ರಿ" ಅಂದಳು. "ದತ್ತಾತ್ರಿ ತಪ್ಪ ಅದ. ನಂದೂ ಅದ. ಅವರನ್ನ ತಗೀತೀರಂದ್ರ ನನ್ನನ್ನೂ ತಗೀರಿ. ಮೊದಲ ಏಳು ಮಂದಿನ್ನ ಹುಡಕ್ತೇವಿ, ಆಮ್ಯಾಗ ಏನ್ ಮಾಡ್ತೀರಿ ಮಾಡ್ರಿ."

ಸಂಜೆಯೊಳಗೆ ಹುಡುಕಬೇಕಿತ್ತು. ಹೆಲೆನ ಒಂದೊಂದೇ ಮನೆಗೆ ಫೋನು ಹಚ್ಚಿದಳು. ಔರಾದಿನವರೇ ನಾಲ್ಕು ಮಂದಿ, ಬಿಸಿಲು ಇಳಿಯುವ ಮೊದಲೇ ಬಂದು ಬೆಂಚಿನ ಮೇಲೆ ಕುಳಿತರು. ಒಬ್ಬ ಪಕ್ಕದ ಹಳ್ಳಿಯಲ್ಲಿದ್ದ, ಮೋಟಾರ್ ಸೈಕಲ್ಲಿನ ಮೇಲೆ ಬರುತ್ತೇನೆಂದ. ಮಕ್ಸೂದ ಎಂಬ ಟೇಲರ್ ಬೀದರಿಗೆ ಹೋಗಿದ್ದ, ಅವನನ್ನು ಬೀದರಿನ ಆಸ್ಪತ್ರೆಗೇ ಹೋಗುವಂತೆ ಹೇಳಿ ಒಪ್ಪಿಸಿದರು. ಏಳನೆಯವಳು ಎಕಂಬಾದ ಪುತಳಾಬಾಯಿ. ಕುರಿ ಕಾಯುವ ಮುದುಕಿ. ಶುಕ್ರವಾರ ಮೊದಲ ಸೂಜಿ ತೆಗೆದುಕೊಂಡವಳು, ಎರಡನೆಯದಕ್ಕೆ ಇವತ್ತು ಬರಬೇಕಿತ್ತು, ಬಂದಿರಲಿಲ್ಲ. ಅವಳು ಬರೆಸಿದ ನಂಬರಿಗೆ ಹಚ್ಚಿದರೆ ಸ್ವಿಚ್ ಆಫ್ ಎಂದು ಬಂತು.

"ನನಗ ಎಕಂಬಾ ಗೊತ್ತದ. ನಾ ಹೋಗ್ತೇನಿ" ಎಂದು ದತ್ತಾತ್ರಿ ಎದ್ದ.

"ನಾನೂ ಬರ್ತೇನಿ" ಅಂದಳು ಪರ್ಲ.

ಅವನ ಬೈಕಿನ ಹಿಂದೆ ಕುಳಿತು ಹೋದಳು. ಬಿಸಿಗಾಳಿಗೆ ಅವಳು ಸೆರಗನ್ನು ಮುಖಕ್ಕೆ ಸುತ್ತಿಕೊಂಡಿದ್ದಳು. ಊರಲ್ಲಿ ಕೇಳಿದಾಗ ಪುತಳಾಬಾಯಿ ಹಳ್ಳದ ಕಡೆ ಇದ್ದಾಳೆಂದರು. ಹಳ್ಳದಲ್ಲಿ ನೀರಿರಲಿಲ್ಲ. ದಂಡೆಯ ಬೇವಿನ ಮರದ ಕೆಳಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ ನಿಂತಿದ್ದವು. ಮುದುಕಿ ಕಂಬಳಿಯ ಮೇಲೆ ಕುಳಿತಿದ್ದಳು. ಮೊಣಕಾಲಿನ ಕೆಳಗೆ ನಾಯಿ ಕಚ್ಚಿದ ಜಾಗಕ್ಕೆ ಆಸ್ಪತ್ರೆಯಲ್ಲಿ ಕಟ್ಟಿದ್ದ ಪಟ್ಟಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಯಾರವ್ವ ನೀನು?"

"ಆಸ್ಪತ್ರಿಯಿಂದ ಬಂದೀನಿ ಆಯಿ. ಇವತ್ತ ನೀವು ಸೂಜಿಗಿ ಬರಬೇಕಿತ್ತಲ್ಲ."

"ಬರೂದಿತ್ತು. ಮಗ ಊರಾಗಿಲ್ಲ, ಕುರಿ ಯಾರ ಕಾಯ್ತಾರ? ನಾಳಿ ಬರ್ತೇನಿ, ನಾಳಿ."

"ನಾಳಿ ನಡಿಯಂಗಿಲ್ಲ ಆಯಿ. ಶುಕ್ರವಾರ ನಿಮಗ ಕೊಟ್ಟ ಸೂಜಿ ಕೆಟ್ಟಿರಬಹುದು. ಅದನ್ನ ಥಂಡಿ ಇಡಬೇಕಾಗ್ತದ, ಫ್ರಿಜ್ ಕೆಟ್ಟು ಬಿಸಿ ಆಗ್ಯಾದ. ಇವತ್ತ ಹೊಸಾದು ತಗೋಬೇಕು."

ಪುತಳಾಬಾಯಿ ಕಣ್ಣು ಕಿರಿದು ಮಾಡಿ ನೋಡಿದಳು. "ಕೆಟ್ಟದ್ದು ಕೊಟ್ರೇನು ನನಗ? ಹುಚ್ಚ ನಾಯಿ ಕಚ್ಚಿದಾಕಿಗಿ?"

"ಹೂಂ, ಆಯಿ."

"ಯಾರ ತಪ್ಪ ಇದು?"

ದತ್ತಾತ್ರಿ ಬಾಯಿ ತೆರೆದ. ಅವನಿಗಿಂತ ಮೊದಲು ಪರ್ಲ, "ನಂದು" ಅಂದಳು.

"ನಂದೂ ಅದ" ಅಂದ ದತ್ತಾತ್ರಿ.

ಮುದುಕಿ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. "ಇಬ್ಬರೂ ಸಾಲಿ ಕಲ್ತವರಿದ್ದೀರಿ. ನಾ ನಡಕೊಂಡ ಬಂದು ತೋಳ ಕೊಟ್ಟೆ. ನೀವು ಚೊಲೊ ಔಷಧ ಕೊಡ್ತೀರಂತ ನಂಬಿದೆ. ಮುಟ್ಟಿ ನೋಡ್ಲಿಕ್ಕ ಏನಾಗಿತ್ತು?" ಅಂದಳು. ಧ್ವನಿ ಏರಲಿಲ್ಲ. ಆಮೇಲೆ ಕಂಬಳಿಯಿಂದ ಎದ್ದು ನಿಂತು, "ಕುರಿ?" ಅಂದಳು.

"ನಾ ಕಾಯ್ತೇನಿ" ಅಂದಳು ಪರ್ಲ. "ನೀವು ಇವರ ಬೈಕ್ ಮ್ಯಾಲ ಹೋಗಿ ಬರ್ರಿ."

"ನೀನ? ನಿನಗ ಬರ್ತದೇನವ್ವ?"

"ಬರಂಗಿಲ್ಲ. ಹೇಳಿಕೊಡ್ರಿ."

ಪುತಳಾಬಾಯಿ ಕಪ್ಪು ಮುಖದ ಒಂದು ಟಗರನ್ನು ತೋರಿಸಿದಳು. "ಅದರ ಮ್ಯಾಲ ಕಣ್ಣಿಡು. ಅದು ಕುಂತ್ರ ಎಲ್ಲಾ ಕುಂಡರ್ತಾವ, ಅದು ಹೊಂಟ್ರ ಎಲ್ಲಾ ಹೊಂಡ್ತಾವ. ಆ ಕಡಿ ಕಬ್ಬಿನ ಹೊಲ ಅದ, ಅಲ್ಲಿಗಿ ಬಿಡಬ್ಯಾಡ. ಮೂವತ್ತೆರಡ ಅದಾವ." ಕೋಲನ್ನು ಪರ್ಲಳ ಕೈಗೆ ಕೊಟ್ಟು, ಕುಂಟುತ್ತ ಹೋಗಿ ಬೈಕು ಹತ್ತಿದಳು.

ಎರಡು ತಾಸು ಪರ್ಲ ಆ ಹಳ್ಳದ ದಂಡೆಯಲ್ಲಿ ಒಬ್ಬಳೇ ಇದ್ದಳು. ಮೊದಲ ಅರ್ಧ ತಾಸು ಕುರಿಗಳು ಅಲುಗಲಿಲ್ಲ. ಅವಳು ಕಂಬಳಿಯ ಅಂಚಿನಲ್ಲಿ ಕುಳಿತು ಕಾಲು ಚಾಚಿದಳು. ಕಣ್ಣು ಮುಚ್ಚಿಬರುತ್ತಿದ್ದವು, ಮುಚ್ಚಲು ಧೈರ್ಯವಾಗಲಿಲ್ಲ. ಬಿಸಿಲು ಸ್ವಲ್ಪ ಇಳಿದಾಗ ಟಗರು ಎದ್ದು ಕಬ್ಬಿನ ಕಡೆಗೇ ನಡೆಯಿತು. ಅವಳು ಚಪ್ಪಲಿ ಬಿಟ್ಟು ಓಡಿ ಅಡ್ಡ ನಿಂತಳು. ಅದು ಪಕ್ಕಕ್ಕೆ ತಿರುಗಿತು, ಅವಳೂ ತಿರುಗಿದಳು. ಏನೆಂದು ಕೂಗಬೇಕೋ ಗೊತ್ತಾಗದೆ, "ಏಯ್, ಏಯ್" ಎಂದು ಕೋಲನ್ನು ನೆಲಕ್ಕೆ ಬಡಿದಳು. ಎರಡು ಮರಿಗಳು ಕಬ್ಬಿನೊಳಗೆ ಹೊಕ್ಕೇಬಿಟ್ಟವು. ಗರಿಗಳು ಕೈಗೆ ಗೀರುತ್ತಿರಲು ನುಗ್ಗಿ, ಒಂದನ್ನು ಕಾಲು ಹಿಡಿದು ಎಳೆದು ಹೊರಗೆ ತಂದಳು. ಇನ್ನೊಂದು ಅದರ ಕೂಗಿಗೆ ತಾನೇ ಬಂತು. ಕುರಿಗಳನ್ನೆಲ್ಲ ಮತ್ತೆ ಮರದ ಕೆಳಗೆ ತರುವಷ್ಟರಲ್ಲಿ ಅವಳ ಬಾಯಿ ಒಣಗಿ ಅಂಟಿಕೊಂಡಿತ್ತು. ಎಣಿಸಿದಳು, ಮೂವತ್ತೊಂದು ಬಂತು. ಇನ್ನೊಮ್ಮೆ ಒಂದೊಂದನ್ನೂ ಬೆರಳಿಟ್ಟು ತೋರಿಸಿ ಎಣಿಸಿದಳು. ಮೂವತ್ತೆರಡು. ಮೂರನೆಯ ಸಲವೂ ಎಣಿಸಿದಳು.

ಹೊತ್ತು ಮುಳುಗುವ ಮೊದಲು ಬೈಕು ಬಂತು. ಪುತಳಾಬಾಯಿ ಇಳಿದು ಕುರಿಗಳ ಮೇಲೊಮ್ಮೆ ಕಣ್ಣಾಡಿಸಿದಳು, ಎಣಿಸಲಿಲ್ಲ. ಪರ್ಲಳ ಕೈಯ ಗೀರುಗಳನ್ನು ನೋಡಿದಳು.

"ನೀರ ಕುಡದಿಯೇನು?"

"ಇಲ್ಲ ಆಯಿ."

ಬೇವಿನ ಟೊಂಗೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಕ್ಯಾನನ್ನು ಇಳಿಸಿಕೊಟ್ಟಳು. ನೀರು ಬಿಸಿಯಾಗಿತ್ತು. ಪರ್ಲ ಎತ್ತಿ ಕುಡಿದಳು. "ಮುಂದಿನ ಸೂಜಿಗಿ ಗುರುವಾರ ಬಾ ಅಂದಾರ" ಅಂದಳು ಮುದುಕಿ. "ಆ ದಿನ ಮಗನ್ನ ಬಿಟ್ಟು ಬರ್ತೇನಿ. ನಿನ್ನ ಕಡಿಂದ ಆಗಂಗಿಲ್ಲ ಇದು."

ಏಳೂ ಮಂದಿಗೆ ಆ ದಿನವೇ ಹೊಸ ಲಸಿಕೆ ಸಿಕ್ಕಿತು. ಮುಂದೆ ಒಂದು ತಿಂಗಳು ಹೆಲೆನ ಒಬ್ಬೊಬ್ಬರಿಗೂ ಹಿಂದಿನ ದಿನ ಫೋನು ಮಾಡಿ ಕರೆಸಿ, ಐದೂ ಸೂಜಿಗಳನ್ನು ಮುಗಿಸಿದಳು. ಯಾರಿಗೂ ಏನೂ ಆಗಲಿಲ್ಲ. ಆ ತಿಂಗಳೆಲ್ಲ ಪರ್ಲ ಮುಂಜಾನೆ ಎದ್ದ ಕೂಡಲೇ ಮೊದಲು ಆ ಏಳು ಹೆಸರುಗಳನ್ನೇ ನೆನೆಯುತ್ತಿದ್ದಳು.

ಟ್ರಸ್ಟಿನವರು ದತ್ತಾತ್ರಿಗೂ ಅವಳಿಗೂ ಒಂದೊಂದು ನೋಟಿಸು ಕೊಟ್ಟರು, ಕೆಲಸದಿಂದ ತೆಗೆಯಲಿಲ್ಲ. ಜೂನಿನ ಮೊದಲ ವಾರ ಮಚ್ಛೇಂದ್ರ ಅವಳನ್ನು ಕರೆದು, "ಆ ಪ್ರೋಗ್ರಾಂ ಬಂದ್ ಮಾಡ್ರಿ. ಹಳೇದರಾಂಗ ಕೈಯಾಗೇ ಮಾಡ್ರಿ, ಅದರಾಗ ಇಂಥಾದ್ದು ಆಗಿರಲಿಲ್ಲ" ಅಂದರು.

"ಕೈಯಾಗ ಮಾಡಿದ್ದಕ್ಕೇ ಆಗ್ಯಾದ್ರಿ ಸಾಹೇಬ್ರ" ಅಂದಳು ಪರ್ಲ. "ಆ ದಾರಿ ನಾ ಕೈಯಾಗೇ ಹಾಕಿದ್ದು, ಬರದಿಡಲಿಲ್ಲ. ಅಂಥಾವು ಇನ್ನೆಷ್ಟ ಅದಾವೋ ನನಗೂ ಗೊತ್ತಿಲ್ಲ. ನಾ ನಾಳಿ ಬಿದ್ದ ಸತ್ರ ಯಾರಿಗೂ ಗೊತ್ತಾಗಂಗಿಲ್ಲ. ಎರಡು ತಿಂಗಳು ಕೊಡ್ರಿ. ಮೂರೂ ಊರಾಗ ಒಂದೊಂದು ಕೋಣಿ ತಿರಗಿ ಬರದಿಡ್ತೇನಿ."

ಅವರು ಒಪ್ಪಿದರು. ಆ ಎರಡು ತಿಂಗಳು ಹಿಂದಿನ ಹದಿನೇಳು ವರ್ಷಕ್ಕಿಂತ ಭಾರವಾದವು. ಭಾಲ್ಕಿಯಲ್ಲಿ ಮೇಘಾಳನ್ನು, ಔರಾದಿನಲ್ಲಿ ದತ್ತಾತ್ರಿಯನ್ನು ಜೊತೆಗೆ ಕರೆದುಕೊಂಡು ಪ್ರತಿ ಕೋಣೆಯ ಪ್ರತಿ ವೈರಿನ ಎರಡೂ ತುದಿ ಹುಡುಕಿದಳು. ಅಲಮಾರುಗಳ ಹಿಂದೆ, ಮಂಚಗಳ ಕೆಳಗೆ, ಔಷಧದ ರಟ್ಟುಗಳ ಸಂದಿಯಲ್ಲಿ ತೆವಳಿದಳು. ಪಟ್ಟಿಯಲ್ಲಿ ಅವಳು ನೆನಪಿನ ಮೇಲೆ ತಪ್ಪು ಹೆಸರು ಬರೆದಿದ್ದ ಒಂಬತ್ತು ದಾರಿಗಳು ಸಿಕ್ಕವು. ಅವುಗಳಲ್ಲಿ ಒಂದು ಭಾಲ್ಕಿಯ ಹೆರಿಗೆ ಕೋಣೆಯಿಂದ ಡಾಕ್ಟರ ಮನೆಗೆ ಕರೆ ಕಳಿಸುವ ಗಂಟೆಯದಾಗಿತ್ತು. ಅದನ್ನು ನೋಡಿದ ದಿನ ಅವಳು ಅಲ್ಲೇ ನೆಲದ ಮೇಲೆ ಗೋಡೆಗೊರಗಿ ಕುಳಿತುಬಿಟ್ಟಳು. ಮೇಘಾ ಗಾಬರಿಯಾಗಿ ನೀರು ತಂದಳು.

ಪ್ರೋಗ್ರಾಮನ್ನೂ ಬದಲಿಸಿದಳು. ಏನನ್ನಾದರೂ ತೆಗೆಯುವ ಮೊದಲು ಅದು ನಿಂತು, ಯಾವ ಕೋಣೆಯ ಯಾವ ದಾರಿ ಹೋಗಲಿದೆ ಎಂಬುದನ್ನು ಕನ್ನಡದಲ್ಲಿ ಬರೆದು ತೋರಿಸಬೇಕು. ಆ ಊರಿನವರೇ ಒಬ್ಬರು ಓದಿ ಹೂಂ ಅನ್ನದ ಹೊರತು ಮುಂದೆ ಹೋಗಬಾರದು. ಯಾವ ಪೆಟ್ಟಿಗೆಯಾದರೂ ಒಂದು ತಾಸು ಸುಮ್ಮನಿದ್ದರೆ ಅದನ್ನೂ ತಿಳಿಸಬೇಕು. ಇದರಿಂದ ಮೆಸೇಜುಗಳು ಹೆಚ್ಚಾದವು. ಅವುಗಳನ್ನು ಮೂರು ಪಾಲು ಮಾಡಿ, ಭಾಲ್ಕಿಯವು ಮೇಘಾಳಿಗೆ, ಔರಾದಿನವು ಹೆಲೆನಳಿಗೆ ಹೋಗುವಂತೆ ಮಾಡಲು ಮಚ್ಛೇಂದ್ರ ಅವರಿಂದ ಆದೇಶ ಬರೆಸಿಕೊಂಡಳು. ಹದಿನೇಳು ವರ್ಷದಲ್ಲಿ ಹೀಗೆ ಕೇಳಬಹುದೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಆಗಸ್ಟಿನ ಒಂದು ಮಂಗಳವಾರ ಔರಾದಿನಲ್ಲಿ ಮತ್ತೆ ಪ್ರೋಗ್ರಾಂ ನಡೆಸಿದರು. ಹೊರಗೆ ಸಣ್ಣ ಮಳೆ ಹನಿಯುತ್ತಿತ್ತು. ದತ್ತಾತ್ರಿ ಕನ್ನಡಕ ಹಾಕಿಕೊಂಡು ತೆರೆಯ ಮುಂದೆ ಕುಳಿತ. ತೆಗೆಯಬೇಕಾದ ದಾರಿಗಳು ನಾಲ್ಕೇ ಇದ್ದವು. ಅವನು ಬೆರಳಿಟ್ಟು ಒಂದೊಂದೇ ಓದಿದ.

"ಇದು ಹಿತ್ತಲ ಕ್ಯಾಮೆರಾ, ಹೂಂ. ಇದು ಹಳೇ ಕೌಂಟರ್, ಹೂಂ. ಇದೂ ಹೂಂ. ಇದು ಎಕ್ಸ್‌ರೇ ಕೋಣಿ ಎರಡನೇದ್ದು ಅಂತದ. ಇದ್ಯಾವುದು ಮೇಡಂ?"

"ನನ್ನ ಪಟ್ಟಿಯೊಳಗ ಖಾಲಿ ಅಂತ ಬರದೀನಿ."

"ಖಾಲಿ ಅದನೋ ಇಲ್ಲೋ ನೋಡಿ ಬರ್ತೇನಿ, ತಡೀರಿ."

ಹತ್ತು ನಿಮಿಷ ಬಿಟ್ಟು ಬಂದ. ಮೊಣಕಾಲಿಗೆ ಧೂಳು ಹತ್ತಿತ್ತು. "ಬರೀ ವೈರ್ ಅದ. ತುದಿಗಿ ಏನೂ ಇಲ್ಲ. ನಾ ಕೈಯಾಗ ಹಿಡದು ನೋಡೀನಿ" ಎಂದು ಕುಳಿತು, ಹೂಂ ಎಂಬಲ್ಲಿ ಒತ್ತಿದ. ಎರಡು ನಿಮಿಷದಲ್ಲಿ ಮುಗಿಯಿತು. ಪರ್ಲ ಔಷಧ ಕೋಣೆ, ಲ್ಯಾಬು, ನೋಂದಣಿ, ಕೊನೆಗೆ ಫ್ರಿಜ್ಜು, ಎಲ್ಲ ಕಡೆ ತಾನೇ ಹೋಗಿ ನೋಡಿ ಬಂದಳು. ಎಲ್ಲವೂ ನಡೆಯುತ್ತಿದ್ದವು.

ಬೀದರ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಹೆಲೆನ ಅವಳ ಮುಖ ನೋಡಿ, "ಅಕ್ಕಾ, ಒಳಗ ಮಂಚ ಖಾಲಿ ಅದ. ಜರಾ ಅಡ್ಡಾಗ್ರಿ. ಬಸ್ಸಿನ ಹೊತ್ತಿಗಿ ನಾ ಎಬ್ಬಸ್ತೇನಿ" ಅಂದಳು.

ಪರ್ಲ ಬೇಡವೆನ್ನಲಿಲ್ಲ. ರೋಗಿಗಳನ್ನು ಪರೀಕ್ಷಿಸುವ ಎತ್ತರದ ಮಂಚದ ಮೇಲೆ, ಬ್ಯಾಗನ್ನು ತಲೆಯ ಕೆಳಗಿಟ್ಟುಕೊಂಡು 'ಅಮ್ಮಾ' ಎಂದು ಅಡ್ಡಾದಳು. ಹೆಲೆನ ಫ್ಯಾನ್ ಹಚ್ಚಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು.